ತಿರುಗಿ ದಾಟದ ಅಣ್ಣನೂ ಮೂಳೆಯೊಳಗಿನ ಗೆರೆಯೂ

ನಮ್ಮ ಅಡಿಗೆಮನೆಯಲ್ಲಿ ಒಂದು ಹಲಸಿನ ಮಣೆಯಿದೆ. ಊಟಕ್ಕೆ ಕೂರುವ ಮಣೆಯೇ, ಆದರೆ ಅದರ ಮೇಲೆ ಕೂತವರಿಗಿಂತ ನಿಂತವಳೇ ಹೆಚ್ಚು. ಹಾಗೆ ನಿಂತವಳು ನಾನೇ. ಬೆಲ್ಲದ ಡಬ್ಬಿ ಇರುವುದು ಗೋಡೆಯ ಮೇಲಿನ ಹಲಗೆಯಲ್ಲಿ. ಆ ಹಲಗೆ ಹೊಡೆಸಿದವರು ನಿಮ್ಮ ಅಜ್ಜ. ಹೊಡೆಸುವಾಗ ಅವರು ತಮ್ಮ ಕೈಗೆ ಎಟುಕುತ್ತದೆಯೇ ಎಂದು ನೋಡಿಕೊಂಡರೇ ಹೊರತು ಬೆಲ್ಲ ದಿನಬೆಳಗಾದರೆ ಬೇಕಾಗುವುದು ಯಾರಿಗೆ ಎಂದು ಯೋಚಿಸಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು. ಹಲಗೆಯನ್ನು ಒಂದು ಮೊಳ ಕೆಳಗಿಳಿಸೋಣವೆಂದು ನಿಮ್ಮ ಅಪ್ಪ ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗಲೂ ಹೇಳುತ್ತಾನೆ, ನಾನು ಪ್ರತಿ ಸಲವೂ ಬೇಡವೆನ್ನುತ್ತೇನೆ. ಎತ್ತರದ ಮನುಷ್ಯನೊಬ್ಬ ಈ ಮನೆಯಲ್ಲಿ ಓಡಾಡಿದ್ದ ಎನ್ನುವುದಕ್ಕೆ ಅಷ್ಟಾದರೂ ಗುರುತು ಇರಲಿ. ನನಗೆ ಹೇಗೂ ಮಣೆಯಿದೆ.

ಮಕ್ಕಳೇ, ಇದನ್ನು ಬರೆಯುತ್ತಿರುವುದು ನನ್ನ ಮಗನ ಮಕ್ಕಳಾದ ಮನು, ಪಲ್ಲವಿ ನಿಮ್ಮಿಬ್ಬರಿಗೆ, ಮತ್ತೆ ಈಗಷ್ಟೇ ಬೋರಲು ಬೀಳಲು ಕಲಿತಿರುವ ಮಗಳ ಕೂಸಿಗೆ. ಎದುರಿಗೆ ಕೂರಿಸಿಕೊಂಡು ಹೇಳು ಎಂದರೆ ನನ್ನಿಂದಾಗದು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ, ಗಿಡ್ಡಿಯೆಂಬ ಕಾರಣಕ್ಕೆ ಯಾವಾಗಲೂ ಮುಂದಿನ ಸಾಲಿನಲ್ಲೇ ಕೂತು, ಆದರೂ ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಓದಿ ಮುಗಿಸಿದವಳು ನಾನು. ನಾಲ್ಕು ಜನರ ನಡುವೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಬೆವರು ಬರುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಾದ್ದರಿಂದ ಸ್ವಲ್ಪ ಧೈರ್ಯ.

ನಾನು ಗಿಡ್ಡಿಯಾಗಿ ಉಳಿದದ್ದು ಏಕೆಂದು ನಮ್ಮ ತವರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು: ಗುತ್ಯಪ್ಪ ದಾಟಿದ್ದಕ್ಕೆ. ಗುತ್ಯಪ್ಪ ನನ್ನ ಅಣ್ಣ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದವನಾದ್ದರಿಂದ ಆ ಹೆಸರು, ಹರಕೆಯ ಮಗನಾದ್ದರಿಂದ ಆ ಸೊಕ್ಕು. ನೆಲದಲ್ಲಿ ಮಲಗಿದ ಮಗುವನ್ನು ದಾಟಿದರೆ ಮಗು ಬೆಳೆಯುವುದಿಲ್ಲ, ಅಕಸ್ಮಾತ್ ದಾಟಿದರೆ ಬಂದ ದಾರಿಯಲ್ಲೇ ತಿರುಗಿ ದಾಟಬೇಕು ಎಂಬುದು ನಿಮಗೂ ಗೊತ್ತಿರುವ ಶಾಸ್ತ್ರ. ನಾನು ಸಣ್ಣವಳಿದ್ದಾಗ ಎಣ್ಣೆನೀರು ಹಾಕಿಸಿಕೊಂಡು ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಹೊರಗೆ ಚಿನ್ನಿದಾಂಡಿನ ಕೂಗು ಕೇಳಿದ್ದೇ ಅಣ್ಣ ನನ್ನನ್ನು ಕಾಲುವೆ ಹಾರುವಂತೆ ಹಾರಿ ಓಡಿದ. "ತಿರುಗಿ ದಾಟೋ ಹಾಳಾದವ್ನೇ, ಕೂಸು ಅಲ್ಲಿಗೇ ನಿಂತೋಗ್ತದೆ!" ಎಂದು ಅವ್ವ ಕೂಗಿದಳು. ಅವನು ಬಂದದ್ದು ಸಂಜೆಗೆ. ಆಗ ಅವನಿಗೆ ದಾಟು ಎಂದರೆ ದಾಟಲಿಲ್ಲ. ನನಗೆ ಮಲಗು ಎಂದರೆ ನಾನು ಮಲಗಲಿಲ್ಲ. ಇಬ್ಬರ ಹಟವೂ ಬೆಳೆಯಿತು. ನಾನು ಬೆಳೆಯಲಿಲ್ಲ.

ಅಂದಿನಿಂದ ಅಣ್ಣ ಅಪರಾಧಿ, ನಾನು ಫಿರ್ಯಾದಿ. ಈಗ ಆನವಟ್ಟಿಯಲ್ಲಿರುವ ಅವನು ನಮ್ಮ ಮನೆಗೆ ಬರುವಾಗೆಲ್ಲ ಒಂದು ಅನಾನಸು ತರುತ್ತಾನೆ; ಜಗಲಿಗೆ ಕಾಲಿಡುತ್ತಲೇ "ದಂಡ ತಂದೀನಿ, ತಗ" ಎಂದು ಅದನ್ನು ನನ್ನ ಕೈಗೆ ಹಾಕುತ್ತಾನೆ. ಹಣ್ಣಿನ ಕಾಲವಲ್ಲದಾಗ ಬರಿಗೈಯಲ್ಲಿ ಬಂದರೆ ನಾನು ನೀರು ಕೊಡುವುದನ್ನು ತಡಮಾಡುತ್ತೇನೆ.

ಈ ಮಣೆಯೂ ಅದೇ ಕಥೆಗೆ ಸೇರಿದ್ದು. ನಿಮ್ಮ ಅಜ್ಜನ ಕಡೆಯವರು ಶಿಕಾರಿಪುರದ ಬಯಲು ಸೀಮೆಯಿಂದ ನನ್ನನ್ನು ನೋಡಲು ಬಂದಾಗ ಅವ್ವ ಉಪಾಯ ಮಾಡಿದಳು. ಬಾಗಿಲ ಹಿಂದೆ ಈ ಮಣೆಯನ್ನಿಟ್ಟು, ಅದರ ಮೇಲೆ ನನ್ನನ್ನು ನಿಲ್ಲಿಸಿ, ಸೀರೆಯ ನಿರಿಗೆಯನ್ನು ನೆಲದವರೆಗೆ ಇಳಿಬಿಟ್ಟಳು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಹುಡುಗನ ತಾಯಿ, "ಮುಂದಕ್ ಬಾ ತಂಗಿ, ಮಾರಿ ನೋಡೂಣು" ಎಂದರು. ಮುಂದಕ್ಕೆ ಬಂದೆ. ಬಂದವಳು ಎಲ್ಲರ ಕಣ್ಣೆದುರೇ ಗೇಣುದ್ದ ಕುಗ್ಗಿದೆ. ಆಗ ಆ ಎತ್ತರದ ಹುಡುಗ ತಲೆ ಬಗ್ಗಿಸಿ ಬಾಗಿಲ ಹಿಂದೆ ಇಣುಕಿ ನೋಡಿ, "ಹುಡುಗೀನ ಕೊಡೂದಾದ್ರ ಮಣಿ ಸಮೇತ ಕೊಡ್ರಿ" ಎಂದ. ಮಣೆ ಹಾಗೆ ಈ ಮನೆಗೆ ಬಂತು.

ಈಗ ಮುಖ್ಯ ವಿಷಯ. ಹೋದ ಬೇಸಿಗೆ ರಜೆಯಲ್ಲಿ ನಿಮ್ಮ ಅಪ್ಪ ಅಮ್ಮ ಮದುವೆಯೊಂದಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಅಣ್ಣ ದಂಡದ ಹಣ್ಣಿನೊಂದಿಗೆ ಬಂದಿದ್ದ. ಆರನೆಯ ತರಗತಿ ಮುಗಿಸಿದ ಪಲ್ಲವಿ ಜಗಲಿಯ ತಂಪಿನಲ್ಲಿ ಅಂಗಾತ ಮಲಗಿದ್ದಳು. ಮನುವಿಗಾಗ ಮೀಸೆಯ ನೆರಳು ಮೂಡುತ್ತಿತ್ತು, ಅದರ ಜೊತೆಗೆ ಬರುವ ಉಡಾಫೆಯೂ ಬಂದಿತ್ತು. ಬಾಲು ಹಿಡಿದುಕೊಂಡು ತಂಗಿಯನ್ನು ದಾಟಿ ಅಂಗಳಕ್ಕೆ ಹಾರಿದ.

"ತಿರುಗಿ ದಾಟು ಮನು," ಎಂದೆ ನಾನು.

"ದಾಟಲ್ಲ. ದಾಟಿದ್ರೆ ಯಾರೂ ಗಿಡ್ಡ ಆಗಲ್ಲ ಅಜ್ಜಿ."

"ಆಗಲ್ವಾ? ಹಂಗಾರೆ ನನ್ನ ನೋಡು!"

ನನ್ನಷ್ಟು ಪ್ರಬಲವಾದ ಸಾಕ್ಷಿ ಎದುರಿಗೇ ನಿಂತಿರುವಾಗ ಪಲ್ಲವಿ ಹೆದರದೆ ಏನು ಮಾಡುತ್ತಾಳೆ? "ಏ ಕೋತಿ, ತಿರುಗಿ ದಾಟೋ! ನಾನು ಅಜ್ಜಿ ಥರ ಆಗ್ಬಿಡ್ತೀನಿ!" ಎಂದು ಚೀರಿ ಮನುವಿನ ಹಿಂದೆ ಓಡಿದಳು. ಜಗಲಿಯ ಮೆಟ್ಟಿಲಲ್ಲಿ ಕಾಲು ಜಾರಿತು. ಬೀಳುವಾಗ ಬಲಗೈ ಊರಿದಳು. ಮಣಿಕಟ್ಟು ನೋಡನೋಡುತ್ತಿದ್ದಂತೆ ಊದಿ ಓರೆಯಾಯಿತು.

ನನ್ನ ಅಣ್ಣನಿಗೆ, ಮುರಿದ ಮೂಳೆಗೆ ಪಟ್ಟು ಹಾಕುವವರು, ಬಿದಿರು ದಬ್ಬೆ ಕಟ್ಟುವವರು ಸುತ್ತಲ ಹತ್ತೂರಿನಲ್ಲೂ ಪರಿಚಯ. ನಾನಂತೂ ಎಣ್ಣೆ ಬಿಸಿಗಿಟ್ಟಾಗಿತ್ತು. ಆದರೆ ಫೋನಿನಲ್ಲಿ ನಿಮ್ಮ ಅಮ್ಮ ಅಳುತ್ತಲೇ ಹಾಕಿದ ಆಣೆಗೆ ಹೆದರಿ ಶಿಕಾರಿಪುರದ ಮೂಳೆ ಡಾಕ್ಟರ ಬಳಿ ಹೋದೆವು. ಮನುವಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದೇನೋ ಎನ್ನುವಂತೆ ಕಾಣುವ ಹೆಣ್ಣುಮಗಳು ಅವರು. ಎರಡೂ ಕೈಯ ಎಕ್ಸ್‌ರೇ ತೆಗೆಸಿದರು, ನೋವಾದ ಕೈಯನ್ನು ನೇರ ಮಾಡಿ ಪಟ್ಟಿ ಕಟ್ಟಿದರು, ಏನೇನೋ ವಿವರಿಸಿದರು. ಹೊರಗೆ ರೋಗಿಗಳು ಸಾಲುಗಟ್ಟಿದ್ದರು. ಅಣ್ಣ ಎಲ್ಲದಕ್ಕೂ "ಹೂಂ, ಹೂಂ" ಎಂದು ತಲೆಯಾಡಿಸಿದ. ಅವನು ಅರ್ಥವಾಗದ್ದಕ್ಕೇ ಹೆಚ್ಚು ಹೂಂಗುಟ್ಟುವವನೆಂದು ನನಗೆ ಗೊತ್ತಿತ್ತು. ಆದರೂ ಡಾಕ್ಟರನ್ನು ನಾನು ಕೇಳುವುದುಂಟೇ? ಸೆರಗಿನ ತುದಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದೆ.

ಬಸ್ಸಿನಲ್ಲಿ ಅಣ್ಣ ಲಕೋಟೆಯಿಂದ ಎಕ್ಸ್‌ರೇ ಹಾಳೆ ತೆಗೆದು ಕಿಟಕಿಗೆ ಹಿಡಿದ. ಬಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಅದು ಒಬ್ಬರ ಸ್ವತ್ತಾಗಿ ಉಳಿಯುವುದಿಲ್ಲ. ಹಿಂದಿನ ಸೀಟಿನ ಕುರಿ ವ್ಯಾಪಾರಿ ಬಗ್ಗಿ ನೋಡಿದ, ಪಕ್ಕದ ಸಾಲಿನ ಹೆಂಗಸು ಕನ್ನಡಕ ಏರಿಸಿದಳು, ಕಂಡಕ್ಟರ್ ಟಿಕೇಟು ಹರಿಯುವುದನ್ನು ಬಿಟ್ಟು ಬಂದ.

"ಬಿರುಕು ಐತಲ್ರಿ ಇಲ್ಲಿ!"

"ಅದು ಗೊತ್ತಿರೂದ. ಇದ್ಯಾವ್ ಕೈರಿ?"

ಅಣ್ಣ ಹಾಳೆಯ ಮೇಲಿನ ಅಕ್ಷರ ನೋಡಿ, ಪಲ್ಲವಿಯ ಕೈ ನೋಡಿ, "ಇದು ಎಡಗೈ. ಪೆಟ್ಟಾಗಿದ್ದು ಬಲಗೈಗೆ" ಎಂದ.

"ಅಯ್ಯ ನಿಮ್ಮ, ಎಡಗೈನಾಗೂ ಐತಿ ನೋಡ್ರಿ! ಮಣಿಕಟ್ಟಿನ ಮ್ಯಾಲ, ಅಡ್ಡಕ, ಗೆರಿ ಎಳದಂಗ!"

ನೋಡಿದೆವು. ಇತ್ತು. ಒಂದಲ್ಲ, ಮುಂಗೈಯ ಎರಡು ಮೂಳೆಗೂ ತುದಿಯಲ್ಲಿ ಕಪ್ಪು ಗೆರೆ, ಬೆರಳುಗಳ ಬುಡದಲ್ಲೂ ಸಣ್ಣ ಸಣ್ಣ ಗೆರೆ. "ಈ ಹುಡ್ಗಿ ಮೈಯೆಲ್ಲ ಬಿರುಕು ಬಿಟ್ಟೈತಿ, ಆ ಡಾಕ್ಟರಮ್ಮ ಒಂದಕ್ಕ ಕಟ್ಟಿ ಕಳಿಸ್ಯಾಳ" ಎಂದು ಬಸ್ಸು ಒಮ್ಮತದಿಂದ ತೀರ್ಮಾನಿಸಿತು.

ಮನೆಗೆ ಬಂದವರೇ ಅಣ್ಣ ಮತ್ತು ನಾನು ಸೇರಿ ಪಲ್ಲವಿಯ ಎಡಗೈಗೂ ತೆಂಗಿನ ಮಟ್ಟೆಯ ಎರಡು ತುಂಡು ಇಟ್ಟು, ಟವೆಲಿನಿಂದ ಸುತ್ತಿ, ಕೊರಳಿಗೆ ತೂಗುಹಾಕಿದೆವು. "ಇದು ನೋಯ್ತಿಲ್ಲ ಅಜ್ಜಿ" ಎಂದು ಅವಳು ಎಷ್ಟು ಹೇಳಿದರೂ "ಒಳಗಿನ ಬಿರುಕು ಮೊದ್ಲು ನೋಯಲ್ಲ ಪುಟ್ಟಾ" ಎಂದು ನಾನು ಸಮಾಧಾನ ಮಾಡಿದೆ. ಎರಡೂ ಕೈ ಕಟ್ಟಿಸಿಕೊಂಡ ಕೂಸಿಗೆ ನಾನು ತುತ್ತು ತಿನ್ನಿಸಿದೆ. ಮೂಗು ತುರಿಸುವ ಕೆಲಸವನ್ನು ಪ್ರಾಯಶ್ಚಿತ್ತವಾಗಿ ಮನುವಿಗೆ ವಹಿಸಲಾಯಿತು. ಅವಳೂ ಬಿಡಲಿಲ್ಲ. "ಅಲ್ಲಲ್ಲ, ಮೇಲೆ. ಎಡಕ್ಕೆ. ಹೂಂ, ಇನ್ನೊಂದ್ಸಲ" ಎಂದು ಸಂಜೆಯೆಲ್ಲ ಅವನನ್ನು ದುಡಿಸಿದಳು.

ಮರುದಿನ ಬೆಳಿಗ್ಗೆ ಮತ್ತೆ ಡಾಕ್ಟರೆದುರು ಹಾಜರಾದೆವು. ಅವರು ಪಲ್ಲವಿಯನ್ನು ನೋಡಿ ಗಾಬರಿಯಿಂದ ಎದ್ದೇಬಿಟ್ಟರು. "ಅಯ್ಯೋ, ಈ ಕೈಗೇನಾಯ್ತು?"

"ನೀವು ಮರ್ತಿದ್ರಿ," ಎಂದ ಅಣ್ಣ, ದೊಡ್ಡ ಮನಸ್ಸಿನಿಂದ. "ನಾವೇ ಕಟ್ಟಿದ್ವಿ."

ಅವರು ನಗಲಿಲ್ಲ. ಅದು ಅವರ ದೊಡ್ಡತನ. ತುಟಿ ಮಾತ್ರ ಎರಡು ಸಲ ಅದುರಿತು. ಟವೆಲು ಬಿಚ್ಚಿ, ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. "ಇದು ಬಿರುಕಲ್ಲ ಅಜ್ಜಿ, ಬೆಳೆಯೋ ಜಾಗ. ನಿಮ್ಮ ಕಿವಿ ಮುಟ್ಕೊಳ್ಳಿ, ಬಾಗುತ್ತಲ್ವಾ, ಅಂಥ ಮೆತ್ತನೆ ಮೂಳೆ. ಎಕ್ಸ್‌ರೇಲಿ ಗಟ್ಟಿ ಮೂಳೆ ಬೆಳ್ಳಗೆ ಕಾಣುತ್ತೆ, ಇದು ಕಪ್ಪು ಗೆರೆ ಥರ ಕಾಣುತ್ತೆ. ಬೆಳೆಯೋ ಮಕ್ಕಳಿಗೆಲ್ಲ ಇರುತ್ತೆ. ಪೆಟ್ಟಾದ ಕೈಲಿ ಈ ಗೆರೆ ಎಷ್ಟು ಅಗಲ ಆಗಿದೆ ಅಂತ ತಿಳಿಯೋಕೇ ಒಳ್ಳೆ ಕೈದೂ ತೆಗೆಸಿದ್ದು."

ನಾನು ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡೇ ಕೇಳಿದೆ. ಮೂಳೆ ಎಂದರೆ ಬಿದಿರಿನ ಹಾಗೆ ಹೇಗೋ ಎಲ್ಲ ಕಡೆಯಿಂದ ಉದ್ದವಾಗುತ್ತದೆಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ, ಅಥವಾ ಏನನ್ನೂ ಅಂದುಕೊಂಡೇ ಇರಲಿಲ್ಲ. ಹಾಗಲ್ಲವಂತೆ. ಉದ್ದನೆಯ ಮೂಳೆಯ ತುದಿಗಳಲ್ಲಿ ಈ ತೆಳು ಪದರವಿರುತ್ತದೆ. ಅದರಲ್ಲಿ ಹೊಸ ಕಣಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತ ಹೋಗುತ್ತವೆ, ಹಳೆಯವು ಉಬ್ಬಿ, ಸುಣ್ಣ ಕೂಡಿ, ಗಟ್ಟಿಯಾಗಿ ಮೂಳೆಗೆ ಸೇರಿಕೊಳ್ಳುತ್ತವೆ. ನಾನು ನಮ್ಮ ಊರ ಮಣ್ಣುಗೋಡೆಗಳನ್ನು ನೆನೆದೆ. ಒಂದು ವರಸೆ ಮಣ್ಣಿಟ್ಟು, ಅದು ಆರಿದ ಮೇಲೆ ಇನ್ನೊಂದು ವರಸೆ ಇಡುತ್ತಾರೆ. ಗೋಡೆ ಏರುವುದು ಯಾವಾಗಲೂ ಹಸಿ ಇರುವ ಮೇಲಿನ ವರಸೆಯಲ್ಲಿ. ನಾಯಿ ಹತ್ತಿದರೆ ಹೆಜ್ಜೆ ಮೂಡುವುದೂ ಅಲ್ಲೇ. ಒಣಗಿದ ಗೋಡೆಯ ಮೇಲೆ ಆನೆ ನಡೆದರೂ ಅದಕ್ಕೇನು? ದೊಡ್ಡವರು ಬಿದ್ದರೆ ಕೀಲು ಉಳುಕುವ ಕಡೆ ಮಕ್ಕಳಿಗೆ ಈ ಗೆರೆಯೇ ಜಾರುತ್ತದಂತೆ, ಏಕೆಂದರೆ ಅಲ್ಲಿ ಅದಕ್ಕಿಂತ ಮೆತ್ತನೆಯ ಜಾಗ ಬೇರೆಯಿಲ್ಲ.

ಕುರಿಕಾಲಿನ ಸಾರು ಮಾಡುವಾಗಲೂ ಇದನ್ನು ಕಂಡಿದ್ದೆನಲ್ಲ! ಎಳೆಯ ಕುರಿಯದಾದರೆ ಕಾಲಿನ ತುದಿಯ ಗೆಣ್ಣು ಟೊಪ್ಪಿ ತೆಗೆದ ಹಾಗೆ ಕಳಚಿ, ಕೆಂಪಗೆ, ಏರುತಗ್ಗಾಗಿ ಕಾಣುತ್ತದೆ. ಬಲಿತದ್ದಾದರೆ ಕೊಡಲಿಗೂ ಬಿಡುವುದಿಲ್ಲ. ಎಳೆಯದು ಸಿಕ್ಕಾಗಲೆಲ್ಲ ಈ ಕುರಿಗೆ ಮೇವು ಸಾಲದೆ ಮೂಳೆ ಲಡ್ಡಾಗಿದೆ ಎಂದು ಸಾಕಿದವರನ್ನೇ ಬೈದುಕೊಂಡಿದ್ದೆ.

ಆಮೇಲೆ ಡಾಕ್ಟರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಸಾಮಾನ್ಯವಾಗಿ ಇದು ಕೂಡಿಕೊಂಡು ಚೆನ್ನಾಗಿ ಬೆಳೆಯುತ್ತದೆ. ಆದರೆ ಅಪರೂಪಕ್ಕೆ ಪೆಟ್ಟು ತಿಂದ ಗೆರೆ ಕಾಲಕ್ಕೆ ಮೊದಲೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಆಗ ಆ ಮೂಳೆ ಅಲ್ಲಿಗೇ ನಿಲ್ಲುತ್ತದೆ. ಪಕ್ಕದ ಮೂಳೆ ಬೆಳೆಯುತ್ತಲೇ ಇರುತ್ತದೆ. ಜೋಡೆತ್ತಿನಲ್ಲಿ ಒಂದು ನಿಂತರೆ ಗಾಡಿ ಸೊಟ್ಟಗೆ ತಿರುಗುವಂತೆ ಕೈ ಒಂದು ಕಡೆಗೆ ವಾಲುತ್ತದೆ. "ಎಣ್ಣೆ ಹಚ್ಚಿ ತಿಕ್ಕೋದು, ಎಳೆಯೋದು ಮಾಡಬೇಡಿ. ಪಟ್ಟಿ ಬಿಚ್ಚಿದ ಮೇಲೂ ದೀಪಾವಳಿ ಹೊತ್ತಿಗೆ ಒಂದ್ಸಲ ತೋರಿಸಿ, ಆಗ ಗೊತ್ತಾಗುತ್ತೆ."

ಪಲ್ಲವಿಯ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಅಡಿಯಿಂದ ಮುಡಿಯವರೆಗೆ, ಬಹಳ ಬೇಗ ಮುಗಿದುಹೋಗುವ ಆ ದೂರವನ್ನು ಅಳೆಯುವವಳಂತೆ. ಆಗ ನನ್ನ ಬಾಯಿ ತಾನಾಗಿ ತೆರೆಯಿತು.

"ಡಾಕ್ಟ್ರೇ, ಮಲಗಿದ ಮಕ್ಕಳನ್ನ ದಾಟಿದರೆ ಈ ಗೆರೆ ಮುಚ್ಚುತ್ತದಾ?"

"ದಾಟಿದರೆ ಮುಚ್ಚಲ್ಲ ಅಜ್ಜಿ. ದಾಟೋಕೆ ಹೋಗಿ ಮೇಲೆ ಬಿದ್ದರೆ ಮುಚ್ಚಬಹುದು."

"ಮತ್ತೆ ನಾನು?"

"ನಿಮ್ಮ ತಾಯಿ ಎಷ್ಟೆತ್ತರ ಇದ್ರು?"

ಅವ್ವ! ಬಾಗಿಲ ಹಿಂದೆ ಮಣೆ ಇಟ್ಟವಳು, ಆ ಮಣೆಯನ್ನು ಅಟ್ಟದ ಉಪ್ಪಿನಕಾಯಿ ಜಾಡಿ ಎಟುಕಲೆಂದು ಮೊದಲು ಮಾಡಿಸಿಕೊಂಡವಳೇ ಅವಳು. ಅವಳ ನೆತ್ತಿ ನನ್ನ ಕಿವಿಗೆ ಬರುತ್ತಿತ್ತು. ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅಪ್ಪ ಅಮ್ಮನ ಎತ್ತರ, ಹೊಟ್ಟೆಗೆ ಬಿದ್ದ ಅನ್ನ, ಬಹುಕಾಲ ಕಾಡಿದ ಕಾಯಿಲೆ, ಮೈಯೊಳಗಿನ ರಸಗಳ ಏರುಪೇರು, ಇವೆಲ್ಲ ಆ ಗೆರೆಯ ಮೇಲೆ ಕೈಯಾಡಿಸುತ್ತವೆ ಎಂದು ಡಾಕ್ಟರು ಹೇಳುತ್ತಿದ್ದರು. ಅಣ್ಣನಿಗೆ ಅದೇನೂ ಬೇಕಿರಲಿಲ್ಲ. ಅವನು ಎದೆ ಸೆಟೆಸಿದ್ದ.

"ಕೇಳಿದ್ಯೇನೆ? ಕೇಳಿದ್ಯಾ? ನಂದೆಂತ ತಪ್ಪಿಲ್ಲ! ಇಷ್ಟು ವರ್ಷದ ಅನಾನಸು ವಾಪಸ್ ಕೊಡು!"

"ಸಿಪ್ಪೆ ಇದ್ದರೆ ಕೊಡ್ತೀನಿ ಬಾ," ಎಂದೆ. ಆದರೆ ನನಗೆ ಒಳಗೊಳಗೆ ಏನೋ ಕಳೆದುಕೊಂಡಂತಾಯಿತು. ಒಂದು ಜೀವಮಾನ ನೆಚ್ಚಿಕೊಂಡಿದ್ದ ಫಿರ್ಯಾದು ಒಂದೇ ಪ್ರಶ್ನೆಗೆ ವಜಾ ಆಗಿತ್ತು.

ಅಲ್ಲಿಂದ ಕಾಯುವ ಕಾಲ. ಪಟ್ಟಿ ಬಿಚ್ಚಿದ ದಿನದಿಂದ ಪಲ್ಲವಿ ದಿನವೂ ಬೆಲ್ಲದ ಹಲಗೆಯ ಕೆಳಗೆ ನಿಂತು ಎರಡೂ ಕೈ ಮೇಲೆತ್ತುವಳು. ಎಡಗೈ ಎಲ್ಲಿಗೆ ಮುಟ್ಟಿತು, ಬಲಗೈ ಎಲ್ಲಿಗೆ? "ಬೆಳೆಯೋ ಮಕ್ಕಳು ಅಳತೆ ಮಾಡ್ಕೊಬಾರದು, ದೃಷ್ಟಿ ಆಗ್ತದೆ" ಎಂದು ನಾನು ಗದರುವೆ. ಗದರಿ, ಅವಳು ಶಾಲೆಗೆ ಹೋದ ಮೇಲೆ, ಮಣೆ ಹತ್ತಿ ಗೋಡೆಯ ಮೇಲಿನ ಬೆರಳ ಗುರುತುಗಳನ್ನು ನೋಡುವೆ. ಬಲಗೈಯದು ಒಂದು ದಿನ ತಗ್ಗಿದಂತೆ ಕಂಡರೆ ನನಗೆ ಅಂದು ಅನ್ನ ಸೇರದು. ಸುಣ್ಣದ ಗೋಡೆ ಕಪ್ಪಾಯಿತೆಂದು ನಿಮ್ಮ ಅಮ್ಮ ಗೊಣಗಿದಾಗ ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಅಂಥ ಹೊತ್ತಿನಲ್ಲಿ ಒಂದು ಯೋಚನೆ ಬರುತ್ತಿತ್ತು. ನಮ್ಮ ಮೈಯಲ್ಲಿ ಬೆಳೆಯುವ ಜಾಗವೇ ಎಲ್ಲಕ್ಕಿಂತ ಮೆತ್ತನೆಯದು, ಆದ್ದರಿಂದಲೇ ಎಲ್ಲಕ್ಕಿಂತ ಬೇಗ ನೋಯುವುದು. ಪ್ರಾಯ ಬಂದ ಮೇಲೆ ಆ ಗೆರೆ ಮುಚ್ಚಿ ನಾವು ಗಟ್ಟಿಯಾಗುತ್ತೇವೆ. ಗಟ್ಟಿಯಾದೆವೆಂದು ಹೆಮ್ಮೆ ಬೇರೆ. ಆದರೆ ಅದರರ್ಥ ಇನ್ನು ಉದ್ದವಾಗುವುದಿಲ್ಲ ಎಂದಷ್ಟೇ. ಡಾಕ್ಟರ ಬಳಿ ಎಂದೂ ಬಾಯಿ ತೆರೆಯದ ನಾನು ಅಂದು ಪ್ರಶ್ನೆ ಕೇಳಿದೆನಲ್ಲ, ನನ್ನೊಳಗೂ ಎಲ್ಲೋ ಒಂದು ಗೆರೆ ಮುಚ್ಚದೆ ಉಳಿದಿದೆಯೇನೋ ಎಂದು ಮಣೆಯ ಮೇಲೆ ನಿಂತು ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುತ್ತ ಒಮ್ಮೆ ಕೆಳಗೆ ಬಿದ್ದೆ. ನನಗೆ ಉಳುಕಿದ್ದು ಕೀಲು.

ದೀಪಾವಳಿಗೆ ಮುಂಚೆ, ಮತ್ತೆ ಎಕ್ಸ್‌ರೇ ತೆಗೆಸುವ ದಿನ ಬೆಳಿಗ್ಗೆ, ಅಣ್ಣ ಆನವಟ್ಟಿಯ ಮೊದಲ ಬಸ್ಸಿಗೆ ಬಂದಿಳಿದ. ಪಲ್ಲವಿ ಇನ್ನೂ ಚಾಪೆಯ ಮೇಲೆ ನಿದ್ದೆಯಲ್ಲಿದ್ದಳು. ಅಣ್ಣ ಚಪ್ಪಲಿ ಬಿಟ್ಟವನೇ ಹಲ್ಲುಜ್ಜುತ್ತಿದ್ದ ಮನುವಿನ ರಟ್ಟೆ ಹಿಡಿದು ಒಳಗೆ ಎಳೆತಂದ.

"ದಾಟು."

"ಏನಜ್ಜ? ದಾಟಿದ್ರೆ ಏನೂ ಆಗಲ್ಲ ಅಂತ ಡಾಕ್ಟರು ಹೇಳಿದ್ರಲ್ಲ, ನೀವೇ ಊರಿಗೆಲ್ಲ ಸಾರಿದ್ರಿ!"

"ಡಾಕ್ಟ್ರು ಹೇಳಿದ್ದು ಖರೆ. ನೀನು ಅಂಗಳದ ಕಡೆಗೆ ದಾಟಿದ್ಯಲ್ಲ, ಈಗ ಒಳಗಿನ ಕಡೆಗೆ ದಾಟು. ಮೆತ್ತಗೆ, ಕೂಸಿಗೆ ತಾಗಬಾರದು."

ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಮನು ಪಂಚೆ ಎತ್ತಿದ ಕೊಕ್ಕರೆಯಂತೆ ತಂಗಿಯನ್ನು ದಾಟಿದ. ಅಣ್ಣ ಕಣ್ಣು ಮುಚ್ಚಿ ಗುತ್ತಿಯ ಅಮ್ಮನಿಗೆ ಕೈ ಮುಗಿದ. ಪಲ್ಲವಿ ನಿದ್ದೆ ಮಾಡುತ್ತಿರಲಿಲ್ಲವೆಂದು ಗೊತ್ತಾದದ್ದು ಆಮೇಲೆ; ತುಟಿಯಂಚಿನಲ್ಲಿ ನಗು ಇತ್ತು.

ಡಾಕ್ಟರು ಎರಡು ಹಾಳೆಯನ್ನೂ ಅಕ್ಕಪಕ್ಕ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ನಾನು ಕಪ್ಪು ಗೆರೆಯನ್ನು ಹುಡುಕುತ್ತಿದ್ದೆ. ಹಿಂದೆ ಯಾವುದನ್ನು ಕಂಡು ಎದೆ ಒಡೆದುಕೊಂಡಿದ್ದೆನೋ ಈಗ ಅದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇತ್ತು. ಬಲಗೈಯಲ್ಲೂ, ಎಡಗೈಯಲ್ಲೂ, ಒಂದೇ ಸಮ. "ತೆರೆದೇ ಇದೆ. ಚೆನ್ನಾಗಿ ಬೆಳೀತಿದೆ," ಎಂದರು ಡಾಕ್ಟರು. ಬರುವಾಗ ಬಸ್ಸಿನಲ್ಲಿ ಹಾಳೆಯನ್ನು ಕಿಟಕಿಗೆ ಹಿಡಿದವಳು ನಾನು. "ಬಿರುಕು ಐತಲ್ರೀ ಯಮ್ಮಾ" ಎಂದ ಒಬ್ಬನಿಗೆ "ಬಿರುಕಲ್ಲಪ್ಪ, ಬೆಳೆಯೋ ಜಾಗ. ನಿನ್ ಕಿವಿ ಮುಟ್ಟಿ ನೋಡ್ಕ" ಎಂದು ನಾವಿಳಿಯುವ ಶಿರಾಳಕೊಪ್ಪದವರೆಗೂ ಹೇಳಿದೆ. ಬೆವರು ಬರಲಿಲ್ಲ.

ಮನೆಗೆ ಬಂದು ಪಾಯಸ ಮಾಡೋಣವೆಂದು ಬೆಲ್ಲಕ್ಕೆ ಮಣೆ ಹುಡುಕಿದರೆ ಮಣೆ ಜಾಗದಲ್ಲಿರಲಿಲ್ಲ. ನಡುಮನೆಯಲ್ಲಿ ಅಣ್ಣ ಅದರ ಮೇಲೆ ಕೂತು ನೋಯುವ ಮಂಡಿ ನೀವಿಕೊಳ್ಳುತ್ತಿದ್ದ. ಮುಂದೆ ಚಾಪೆ ಹಾಸಿತ್ತು.

"ಬಾ, ಮಲಕ್ಕೋ," ಎಂದ, ನನ್ನ ಮುಖ ನೋಡದೆ. "ಮಂಡಿ ಎತ್ತಕ್ ಆಗೋ ಕಾಲದಲ್ಲೇ ಮುಗಿಸಿಬಿಡ್ತೀನಿ."

"ಇನ್ನೆಂತ ಬೆಳೆಯೋದಣ್ಣ ನಾನು?"

"ಬೆಳೆಯೋದಕ್ಕಲ್ಲವೇ. ಮಲಕ್ಕೋ ಅಂದ್ರೆ ಮಲಕ್ಕೋ."

ನಾನು ಮಲಗಿದೆ. ಅಂದು ಮಲಗದ ಹಟ ಎಲ್ಲಿ ಹೋಗಿತ್ತೋ. ಅಣ್ಣ ಮನುವಿನ ಭುಜ ಹಿಡಿದು, ಅಯ್ಯಮ್ಮಾ ಅಪ್ಪಾ ಎನ್ನುತ್ತ, ಒಂದು ಕಾಲು ಎತ್ತಿಟ್ಟು, ನಡುವೆ ನಿಂತು ಸುಧಾರಿಸಿಕೊಂಡು, ಇನ್ನೊಂದು ಕಾಲು ಎತ್ತಿಟ್ಟ. ಚಿನ್ನಿದಾಂಡು ಆಡಲು ಹೋದವನು ಮನೆಗೆ ಬಂದ. ಅಡಿಗೆಮನೆಯಲ್ಲಿ ಏನೋ ಸದ್ದಾಯಿತೆಂದು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದರೆ, ಪಲ್ಲವಿ ಬರಿನೆಲದಲ್ಲಿ ತುದಿಗಾಲಿನ ಮೇಲೆ ನಿಂತು, ಬಲಗೈ ಚಾಚಿ, ಬೆಲ್ಲದ ಡಬ್ಬಿಯನ್ನು ಹಲಗೆಯಿಂದ ಇಳಿಸುತ್ತಿದ್ದಳು.